ಹಳೇ ಬಳಪದ ಕಲ್ಲಿನ ಕ್ವಾರಿ ನೋಡೋಕೆ ಹೋಗೋರಿಗೆ

ಭಾನುವಾರ ಹಾಸನದ ಕಡೆ ಪಾಳು ಬಿದ್ದ ಕ್ವಾರಿ ನೋಡೋಕೆ ಹೋಗ್ತೀವಿ ಅಂತ ಇಬ್ಬರು ಕೇಳಿದ್ದರು. ನಾನು ಎರಡು ಸಲ ಹೋಗಿ ಬಂದವನು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಜಮೀನು ಯಾರದು ಅಂತ ಪಕ್ಕದ ಊರಲ್ಲಿ ಕೇಳಿ, ಒಪ್ಪಿಗೆ ತಗೊಳ್ಳಿ. ಒಬ್ಬರೇ ಹೋಗಬೇಡಿ. ಗುಂಡಿಯಲ್ಲಿ ನಿಂತ ಹಸಿರು ನೀರು ಎಷ್ಟೇ ಚೆಂದ ಕಂಡರೂ ಇಳಿಯಬೇಡಿ. ಅಂಚು ನೇರ ಕಡಿದಿರುತ್ತದೆ, ಹತ್ತೋಕೆ ಹಿಡಿತವೇ ಸಿಗಲ್ಲ. ಅದೂ ಬಳಪದ ಕಲ್ಲು ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ನಾನು ಚಪ್ಪಲಿಯಲ್ಲಿ ಹೋಗಿ ಮೊಣಕೈ ತರಚಿಕೊಂಡೆ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಇದು ಸೀಮೆಸುಣ್ಣದ ಕಲ್ಲಲ್ಲ. ಸಣ್ಣ ಚೂರಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಸುಣ್ಣದ ಕಲ್ಲಾದರೆ ನೊರೆ ಬರುತ್ತದೆ, ಇದು ಸುಮ್ನೆ ಇರುತ್ತದೆ. ಉಗುರಲ್ಲೇ ಗೀರಬಹುದು, ಅಷ್ಟು ಮೆದು. 1117ರ ಬೇಲೂರು ಗುಡಿಯಲ್ಲಿ ಮದನಿಕೆಯರ ಒಡವೆಯನ್ನು ಅಷ್ಟು ಸಣ್ಣಗೆ ಕೆತ್ತೋಕೆ ಆಗಿದ್ದೂ ಇದೇ ಜಾತಿಯ ಕಲ್ಲಿನಿಂದ.

ಗೋಡೆಯಲ್ಲಿ ಉಳಿ ಗುರುತು, ಸಾಲಾಗಿ ಕೊರೆದ ತೂತು ಹುಡುಕಿ. ಬೆಳಗಿನ ಓರೆ ಬಿಸಿಲಲ್ಲಿ ಚೆನ್ನಾಗಿ ಕಾಣುತ್ತವೆ. ತುಕ್ಕು ಹಿಡಿದ ರಾಟೆ, ಕಬ್ಬಿಣದ ಹಗ್ಗ ಮುಟ್ಟಬೇಡಿ, ಕಲ್ಲಿನ ರಾಶಿಗೆ ಕೈ ಹಾಕಬೇಡಿ. ಹಾವು ಇರೋದು ಅಲ್ಲೇ. ಕಲ್ಲು ಒಡೆದು ಧೂಳೆಬ್ಬಿಸೋದೂ ಬೇಡ, ಕೆಲವು ಕಡೆ ಇದರ ಜೊತೆ ಕಲ್ನಾರು (ಆಸ್ಬೆಸ್ಟಾಸ್) ಬೆರೆತಿರುತ್ತದೆ. ಮಾಸ್ಕ್ ಹಾಕಿಕೊಳ್ಳಿ, ಟಾರ್ಚ್ ಇರಲಿ.