ಹಳೆಯ ಕಲ್ಲಿನ ಚರ್ಚಿನ ಗೋಡೆಯನ್ನು ಓದುವುದು ಹೇಗೆ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ಉಳಿದಿರುವ ಮಧ್ಯಯುಗದ ಕಲ್ಲಿನ ಚರ್ಚುಗಳಲ್ಲಿ ಹೆಚ್ಚಿನವು ಒಂದೇ ಸಲಕ್ಕೆ ಕಟ್ಟಿ ಮುಗಿಸಿದವಲ್ಲ. ಊರಿನಲ್ಲಿ ಜನ ಹೆಚ್ಚಿದಾಗ ಅವು ಅಗಲವಾಗಿವೆ, ಜನ ಕಡಿಮೆಯಾದಾಗ ಕುಗ್ಗಿವೆ, ಮತ್ತು ಆ ಏಳುಬೀಳುಗಳ ಗುರುತು ಇಂದಿಗೂ ಗೋಡೆಯ ಮೇಲೆಯೇ ಇದೆ. ಅದನ್ನು ಓದುವುದಕ್ಕೆ ಪಾಂಡಿತ್ಯಕ್ಕಿಂತ ತಾಳ್ಮೆ ಬೇಕು. ಈ ಓದನ್ನು ಕಲಿಯಬಯಸುವವರಿಗೆ ಯಾರ್ಕ್‌ಶೈರ್ ವೋಲ್ಡ್ಸ್ ಗುಡ್ಡಗಳ ನಡುವಿನ ವಾರಂ ಪರ್ಸಿಯ ಸಂತ ಮಾರ್ಟಿನರ ಚರ್ಚನ್ನು ನಾನು ಮೊದಲು ಸೂಚಿಸುತ್ತೇನೆ. ಅದರ ಸುತ್ತಲಿನ ಹಳ್ಳಿ ಸುಮಾರು 1500ರ ಹೊತ್ತಿಗೆ ಬರಿದಾಯಿತು. ಈಗ ಅಲ್ಲಿರುವುದು ಹುಲ್ಲುಗಾವಲು, ಮನೆಗಳಿದ್ದ ಕಡೆ ನೆಲದಲ್ಲಿ ಕಾಣುವ ಉಬ್ಬುತಗ್ಗುಗಳು ಮತ್ತು ಸೂರಿಲ್ಲದೆ ನಿಂತಿರುವ ಈ ಚರ್ಚು.

ಮೊದಲು ಹೊರಗಿನಿಂದ ಒಂದು ಸುತ್ತು

ಬಾಗಿಲು ತೆರೆದಿದ್ದರೂ ಕೂಡಲೇ ಒಳಗೆ ಹೋಗಬೇಡಿ. ಪೂರ್ವದ ತುದಿಯಲ್ಲಿ ಬಲಿಪೀಠವಿದ್ದ ಭಾಗ ಚಾನ್ಸೆಲ್, ಅದರ ಪಶ್ಚಿಮಕ್ಕೆ ಜನ ಸೇರುತ್ತಿದ್ದ ದೊಡ್ಡ ಅಂಕಣ ನೇವ್, ಬಹುಮಟ್ಟಿಗೆ ಅದಕ್ಕೂ ಪಶ್ಚಿಮಕ್ಕೆ ಗಂಟೆಗೋಪುರ. 13ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ನೆಲೆಗೊಂಡ ಪದ್ಧತಿಯಂತೆ ಚಾನ್ಸೆಲಿನ ದುರಸ್ತಿ ದಶಾಂಶದ, ಅಂದರೆ ಊರಿನವರು ಚರ್ಚಿಗೆ ಕೊಡುತ್ತಿದ್ದ ಹತ್ತನೇ ಒಂದು ಪಾಲಿನ ಹುಟ್ಟುವಳಿ ಪಡೆಯುತ್ತಿದ್ದ ರೆಕ್ಟರನ ಹೊಣೆಯಾಗಿತ್ತು, ನೇವ್ ಊರಿನವರ ಹೊಣೆಯಾಗಿತ್ತು. ಒಂದೇ ಕಟ್ಟಡದ ಒಂದು ಭಾಗ ಭವ್ಯವಾಗಿದ್ದು ಇನ್ನೊಂದು ಸಾಧಾರಣವಾಗಿದ್ದರೆ, ಹಣ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಯನ್ನು ಅಲ್ಲಿಯೇ ಕೇಳಿಕೊಳ್ಳಬಹುದು.

ಕಿಟಕಿಗಳಿಂದ ಕಾಲವನ್ನು ಅಂದಾಜಿಸುವುದು

ತಲೆ ಅರೆವೃತ್ತವಾಗಿರುವ ಸಣ್ಣ ಕಿಟಕಿ, ದಪ್ಪ ಗೋಡೆ ಇದ್ದರೆ ಅದು 1066ರ ನಂತರದ, ಅಂದರೆ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲಿನ ನಾರ್ಮನ್ ಕಾಲದ ಕೆಲಸವಾಗಿರುವ ಸಾಧ್ಯತೆ ಹೆಚ್ಚು. ಸುಮಾರು 1190ರಿಂದ ಮುಂದೆ ಈಟಿಯ ಮೊನೆಯಂತೆ ಚೂಪಾದ ಕಿರಿದಾದ ಕಿಟಕಿಗಳು ಬಂದವು, 13ನೇ ಶತಮಾನದ ಕೊನೆಯಿಂದ ಕಲ್ಲಿನ ಬಳ್ಳಿಹೆಣಿಗೆಯಿರುವ ಅಗಲ ಕಿಟಕಿಗಳು ಬಂದವು, 14ನೇ ಶತಮಾನದ ನಡುವಿನಿಂದ ನೆಟ್ಟಗೆ ಮೇಲೇರುವ ಕಲ್ಲಿನ ಪಟ್ಟಿಗಳು ಗಾಜನ್ನು ಭಾಗ ಮಾಡುವ ದೊಡ್ಡ ಕಿಟಕಿಗಳು ಬಂದವು. ಈ ಶೈಲಿಗಳಿಗೆ ಇಂದು ಬಳಸುವ ಹೆಸರುಗಳು 1817ರಲ್ಲಿ ಥಾಮಸ್ ರಿಕ್‌ಮನ್ ಮಾಡಿದ ವಿಂಗಡಣೆಯಿಂದ ಬಂದವು. ಆದರೆ ಕಿಟಕಿ ತಿಳಿಸುವುದು ಕಿಟಕಿಯ ಕಾಲವನ್ನು ಮಾತ್ರ. ಹಳೆಯ ಗೋಡೆ ಕೊರೆದು ಹೊಸ ಕಿಟಕಿ ಕೂರಿಸುವುದು ಅಂದು ಸಾಮಾನ್ಯವಾಗಿತ್ತು. ಆದ್ದರಿಂದ ಚೌಕಟ್ಟಿನ ಸುತ್ತ ಕಲ್ಲಿನ ವರಸೆ ಕದಡಿದೆಯೇ ಎಂದು ನೋಡದೆ ಗೋಡೆಯ ವಯಸ್ಸನ್ನು ಹೇಳಬಾರದು.

ಬೆಸುಗೆಗಳನ್ನು ಹುಡುಕುವುದು

ನನ್ನ ಮಟ್ಟಿಗೆ ಇಡೀ ಕೆಲಸದ ಹೃದಯ ಇದು. ಗೋಡೆಯ ನಡುವೆ ಮೇಲಿಂದ ಕೆಳಕ್ಕೆ ನೇರವಾದ ಸಂದು ಕಂಡರೆ, ಅಲ್ಲಿ ಒಂದು ಕಾಲದ ಕೆಲಸ ನಿಂತು ಮತ್ತೊಂದು ಕಾಲದ್ದು ಆರಂಭವಾಗಿದೆ. ಗೋಪುರದ ಮೈಮೇಲೆ ಓರೆಗೆರೆ ಕಂಡರೆ, ಹಿಂದೊಮ್ಮೆ ಚಾವಣಿ ಅಷ್ಟು ಎತ್ತರಕ್ಕೆ ತಾಗಿತ್ತು.

ವಾರಂ ಪರ್ಸಿಯಲ್ಲಿ ದಕ್ಷಿಣದ ಗೋಡೆಯ ಎದುರು ಸಾವಕಾಶವಾಗಿ ನಿಂತು ನೋಡಿದರೆ, ಗೋಡೆಯೊಳಗೆ ಹುದುಗಿದ ಕಮಾನುಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. 12 ಮತ್ತು 13ನೇ ಶತಮಾನಗಳಲ್ಲಿ ಹಳ್ಳಿ ಬೆಳೆದಾಗ ನೇವಿನ ಗೋಡೆಗಳಲ್ಲಿ ಕಮಾನುಗಳನ್ನು ತೆರೆದು ಎರಡೂ ಬದಿಗೆ ಪಕ್ಕದ ಅಂಕಣಗಳನ್ನು ಸೇರಿಸಿದ್ದರು. ಮುಂದೆ ಜನ ಕಡಿಮೆಯಾದಾಗ ಆ ಅಂಕಣಗಳನ್ನು ಕೆಡವಿ, ಕಮಾನುಗಳ ಬಾಯಿಗೆ ಕಲ್ಲು ತುಂಬಿ, ಆ ತುಂಬುಗಲ್ಲಿನಲ್ಲಿಯೇ ಕಿಟಕಿಗಳನ್ನಿಟ್ಟರು. ಊರಿನ ಬೆಳವಣಿಗೆಯೂ ಇಳಿಗತಿಯೂ ಹೀಗೆ ಒಂದೇ ಗೋಡೆಯಲ್ಲಿ ಮುಖಾಮುಖಿಯಾಗುವುದನ್ನು ನೋಡುವಾಗ ಮನಸ್ಸು ಭಾರವಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮುಚ್ಚಿದ ಕಮಾನು ಕಂಡ ಕೂಡಲೇ 1348–49ರ ಮಹಾಮಾರಿ ಪ್ಲೇಗನ್ನು ಕಾರಣವೆಂದು ಹೇಳಿಬಿಡುವುದು ಸುಲಭ. ವಾರಂ ಪರ್ಸಿ ಆ ಪ್ಲೇಗಿನ ನಂತರವೂ ಬದುಕಿತ್ತು. ಅದನ್ನು ಕೊನೆಗೆ ಬರಿದು ಮಾಡಿದ್ದು ಉಳುಮೆಯ ಹೊಲಗಳನ್ನು ಕುರಿಗಳ ಮೇವಿಗೆ ಬಿಟ್ಟ ಭೂಮಾಲೀಕರ ನಿರ್ಧಾರ. ಗೋಡೆ ಏನಾಯಿತೆಂದು ಹೇಳುತ್ತದೆ, ಯಾಕಾಯಿತೆಂಬುದಕ್ಕೆ ದಾಖಲೆಗಳನ್ನೂ ನೆಲವನ್ನೂ ನೋಡಬೇಕು. ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅವರ ಮುಂದಾಳತ್ವದಲ್ಲಿ ಇಲ್ಲಿ ಸುಮಾರು 40 ವರ್ಷ ನಡೆದ ಉತ್ಖನನ 1990ರಲ್ಲಿ ಮುಗಿಯಿತು. ಈಗಿನ ಚರ್ಚಿಗಿಂತ ಹಿಂದೆ ಅದೇ ಜಾಗದಲ್ಲಿ ಸಣ್ಣ ಕಲ್ಲಿನ ಚರ್ಚೊಂದು, ಅದಕ್ಕೂ ಮೊದಲು ಮರದ್ದೊಂದು ಇದ್ದ ಕುರುಹುಗಳು ನೆಲದಡಿಯಿಂದಲೇ ಸಿಕ್ಕವು.

ಒಳಗೆ ಹೋದ ಮೇಲೆ

ಸೂರಿರುವ ಚರ್ಚುಗಳಲ್ಲಿ ಒಳಗಿನ ಕುರುಹುಗಳು ಹೆಚ್ಚು ಉಳಿದಿರುತ್ತವೆ. ಗೋಡೆಯಲ್ಲಿ ನೀರು ಬಸಿಯುವ ಪುಟ್ಟ ಕಲ್ಲುಬೋಗುಣಿ ಇದ್ದರೆ, ಅದರ ಹತ್ತಿರ ಬಲಿಪೀಠವಿತ್ತು ಎಂದು ತಿಳಿಯಬೇಕು. ಎಲ್ಲಿಗೂ ಹೋಗದ ಇಕ್ಕಟ್ಟಾದ ಮೆಟ್ಟಿಲು ಚಾನ್ಸೆಲಿನ ಕಮಾನಿನ ಬಳಿ ಕಂಡರೆ, ಅದು ಶಿಲುಬೆಯ ಪ್ರತಿಮೆಯಿದ್ದ ಅಟ್ಟಕ್ಕೆ ಏರುವ ದಾರಿಯಾಗಿತ್ತು; ಆ ಅಟ್ಟಗಳನ್ನು 16ನೇ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ರೋಮಿನ ಪೋಪರಿಂದ ಬೇರೆಯಾದ ಧರ್ಮಸುಧಾರಣೆಯ ಕಾಲದಲ್ಲಿ ತೆಗೆಸಿದರು. ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದದ್ದೂ ಆಗಲೇ.

ತೀರಾ ಅಚ್ಚುಕಟ್ಟಾಗಿರುವ ಕಲ್ಲನ್ನು ಮಾತ್ರ ಬೇಗ ನಂಬಬೇಡಿ. ನಾರ್ಮನ್ ಕಲ್ಲುಕುಟಿಗರ ಕೊಡಲಿಯ ಗುರುತುಗಳು ಸಾಮಾನ್ಯವಾಗಿ ಓರೆಯಾಗಿಯೂ ಏರುಪೇರಾಗಿಯೂ ಇರುತ್ತವೆ. ಗೆರೆಗಳು ಒಂದೇ ಸಮನಾಗಿದ್ದರೆ ಅದು 19ನೇ ಶತಮಾನದ ಜೀರ್ಣೋದ್ಧಾರದ ಕಲ್ಲಾಗಿರಬಹುದು. ಹಳೆಯ ಗಾರೆಯನ್ನು ಕೆರೆದು ಹಾಕುತ್ತಿದ್ದ ಅಂಥ ಜೀರ್ಣೋದ್ಧಾರಗಳನ್ನು ವಿರೋಧಿಸಿಯೇ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನು ಕಟ್ಟಿದರು.

ಕೊನೆಗೆ ಸುತ್ತಲಿನ ಊರುಗಳು

ವಾರಂ ಪರ್ಸಿಯಲ್ಲಿ ಜನರೇ ಇಲ್ಲದ ಮೇಲೂ ಚರ್ಚು ಯಾಕೆ ಉಳಿಯಿತು ಎಂಬುದಕ್ಕೆ ಉತ್ತರ ಕಟ್ಟಡದಲ್ಲಿ ಇಲ್ಲ, ಪ್ಯಾರಿಷಿನ, ಅಂದರೆ ಒಂದು ಚರ್ಚಿಗೆ ಸೇರಿದ ಊರುಗಳ ವ್ಯಾಪ್ತಿಯ ಎಲ್ಲೆಯಲ್ಲಿದೆ. ಥಿಕ್ಸೆಂಡೇಲ್ ಮೊದಲಾದ ಸುತ್ತಲಿನ ಊರುಗಳೂ ಇದೇ ಪ್ಯಾರಿಷಿಗೆ ಸೇರಿದ್ದವು. ಅಲ್ಲಿನವರು ಗುಡ್ಡ ದಾಟಿ ಪೂಜೆಗೂ ಶವಸಂಸ್ಕಾರಕ್ಕೂ ಇಲ್ಲಿಗೇ ಬರುತ್ತಿದ್ದರು. ಥಿಕ್ಸೆಂಡೇಲಿಗೆ ಸ್ವಂತ ಚರ್ಚು ಬಂದದ್ದು 1870ರಲ್ಲಿ. ವಾರಂ ಪರ್ಸಿಯಲ್ಲಿ ಕೊನೆಯ ಪ್ರಾರ್ಥನೆ ನಡೆದದ್ದು 1949ರಲ್ಲಿ, ಗೋಪುರದ ಒಂದು ಭಾಗ ಕುಸಿದದ್ದು 1959ರಲ್ಲಿ.