ಸದಾ ಓಡಾಟದಲ್ಲಿರುವವರು ಹಗುರ ಲ್ಯಾಪ್‌ಟಾಪ್ ಆರಿಸುವುದು ಹೇಗೆ?

ಕೆಲಸದ ಮೇಲೆ ಪದೇ ಪದೇ ಊರು ಬಿಡುವವರು ಲ್ಯಾಪ್‌ಟಾಪ್ ಕೊಳ್ಳುವಾಗ ಎಡವುವುದು ಹೆಚ್ಚಾಗಿ ಒಂದೇ ಕಡೆ. ಜಾಹೀರಾತಿನಲ್ಲಿ ‘980 ಗ್ರಾಂ’ ಎಂದಿರುತ್ತದೆ, ಪಕ್ಕದಲ್ಲೇ ‘20 ಗಂಟೆ ಬ್ಯಾಟರಿ’ ಎಂದೂ ಇರುತ್ತದೆ. ಎರಡೂ ಒಂದೇ ಯಂತ್ರದ ಮಾತು ಎಂದು ನಂಬಿ ದುಡ್ಡು ಕಟ್ಟುತ್ತಾರೆ. ಎಷ್ಟೋ ಸಲ ಅವು ಒಂದೇ ಹೆಸರಿನಲ್ಲಿ ಮಾರಾಟವಾಗುವ ಎರಡು ಬೇರೆ ಯಂತ್ರಗಳ ಅಂಕಿಗಳು. ಹಗುರವಾದದ್ದರಲ್ಲಿ ಸಣ್ಣ ಬ್ಯಾಟರಿ, ಹೆಚ್ಚು ಹೊತ್ತು ಬರುವುದರಲ್ಲಿ ದೊಡ್ಡ ಬ್ಯಾಟರಿ. ಕೈಗೆ ಬಂದದ್ದು ಈ ಎರಡೂ ಅಲ್ಲದ ಮೂರನೆಯದು! ಇದನ್ನು ತಪ್ಪಿಸಬೇಕಾದರೆ ಪ್ರೊಸೆಸರ್‌ನಿಂದಲ್ಲ, ಬ್ಯಾಗಿನಿಂದ ಲೆಕ್ಕ ಶುರು ಮಾಡಬೇಕು.

1. ಬ್ಯಾಗಿನಲ್ಲಿರುವುದನ್ನೆಲ್ಲ ತೂಗಿ

ಈಗಿನ ಚಾರ್ಜರ್, ಅದರ ದಪ್ಪ ವೈರು, ಪ್ರೊಜೆಕ್ಟರಿಗೆ ಬೇಕಾದ ಅಡಾಪ್ಟರ್, ಮೌಸ್, ಪವರ್ ಬ್ಯಾಂಕ್ ಎಲ್ಲವನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡಿ. ಲ್ಯಾಪ್‌ಟಾಪ್ ಜೊತೆ ಬರುವ ಚಾರ್ಜರ್ ವೈರು ಸಮೇತ ಸುಮಾರು 300 ಗ್ರಾಂ ತೂಗುವುದು ಸಾಮಾನ್ಯ. ಒಂದು ಕಿಲೋದ ಯಂತ್ರ ತಂದು, ಅದಕ್ಕೆ ಬೇಕಾದ ಪೋರ್ಟ್ ಇಲ್ಲವೆಂದು ಹಬ್ ಸೇರಿಸಿ, ಬ್ಯಾಟರಿ ಸಾಲದೆಂದು ಪವರ್ ಬ್ಯಾಂಕನ್ನೂ ಹೊತ್ತರೆ 1.3 ಕಿಲೋದ ಸ್ವಯಂಪೂರ್ಣ ಯಂತ್ರಕ್ಕಿಂತ ಭಾರವೇ ಹೆಚ್ಚು. ಲ್ಯಾಪ್‌ಟಾಪ್, ಚಾರ್ಜರ್, ಕೇಬಲ್ ಮೂರೂ ಸೇರಿ 1.5 ಕಿಲೋ ದಾಟಬಾರದು. ಈ ಮಿತಿಯನ್ನು ಬರೆದಿಟ್ಟುಕೊಂಡೇ ಮುಂದಕ್ಕೆ ಹೋಗಿ.

2. ಪರದೆ 14 ಇಂಚು ಇರಲಿ

ಹೆಚ್ಚು ಯೋಚಿಸುವುದೇ ಬೇಡ: 14 ಇಂಚು, 16:10ರ ಅಗಲ–ಎತ್ತರದ ಅನುಪಾತ, ಹೊಳಪಿಲ್ಲದ ಮ್ಯಾಟ್ ಪರದೆ. 15–16 ಇಂಚಿನದು ವಿಮಾನದ ಟ್ರೇ ಮೇಲೆ ಅರ್ಧಕ್ಕರ್ಧ ತೆರೆದಾಗಲೇ ಮುಂದಿನ ಸೀಟಿಗೆ ತಾಗುತ್ತದೆ. ಮುಂದಿನವರು ಸೀಟು ಹಿಂದಕ್ಕೆ ಬಾಗಿಸಿದರೆ ಪರದೆ ಸಂದಿಯಲ್ಲಿ ಸಿಕ್ಕಿ ಬಿರುಕು ಬಿಡುವುದೂ ಉಂಟು. ಬರೀ ಮೇಲ್ ನೋಡುವವರಿಗೆ 13 ಇಂಚು ಸಾಕು. ಆದರೆ ಎಕ್ಸೆಲ್ ಹಾಳೆಗಳಲ್ಲಿ ದಿನ ಕಳೆಯುವವರ ಕಣ್ಣು ಸೋಲುತ್ತದೆ. ಬೆಳಕಿನ ಪ್ರಮಾಣ ಕನಿಷ್ಠ 400 ನಿಟ್ಸ್ ಇರಬೇಕು. 300 ನಿಟ್ಸ್‌ನ ಪರದೆ ಅಂಗಡಿಯೊಳಗೆ ಚೆನ್ನಾಗಿಯೇ ಕಾಣುತ್ತದೆ, ರೈಲಿನ ಕಿಟಕಿ ಪಕ್ಕ ಕೂತಾಗ ಅದರಲ್ಲಿ ನಿಮ್ಮ ಮುಖವೇ ಕಾಣುತ್ತದೆ. 1920×1200 ರೆಸಲ್ಯೂಶನ್ ಧಾರಾಳವಾಯಿತು. 2880×1800ರ ಓಎಲ್‌ಇಡಿ ಪರದೆ ಬಲು ಚೆಂದ, ಆದರೆ ಬಿಳಿ ಹಿನ್ನೆಲೆಯ ದಾಖಲೆ ತೆರೆದಿಟ್ಟರೆ ಬ್ಯಾಟರಿಯನ್ನು ಬೇಗ ಮುಗಿಸುತ್ತದೆ.

ಹಿಂದಕ್ಕೆ ಪೂರ್ತಿ ಮಡಚುವ ಮಾದರಿ, ಕೀಬೋರ್ಡ್ ಕಳಚುವ ಟ್ಯಾಬ್ಲೆಟ್ ಇವೆರಡನ್ನೂ ಪಟ್ಟಿಯಿಂದ ತೆಗೆದುಬಿಡಿ. ಮೊದಲನೆಯದರಲ್ಲಿ ಟಚ್ ಗಾಜು ಮತ್ತು ಹಿಂಜ್‌ನ ಹೆಚ್ಚುವರಿ ತೂಕ. ಎರಡನೆಯದು ತೊಡೆಯ ಮೇಲೆ ನಿಲ್ಲುವುದೇ ಇಲ್ಲ.

3. ಹೆಸರನ್ನಲ್ಲ, ಪಾರ್ಟ್ ನಂಬರನ್ನು ಓದಿ

ಕೊಳ್ಳುವವರು ತಪ್ಪುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ಕಂಪನಿಗಳು ಕೊಡುವ ತೂಕದ ಹಿಂದೆ ‘ಇಷ್ಟರಿಂದ ಆರಂಭ’ ಎಂಬ ಸಣ್ಣ ಮಾತು ಇರುತ್ತದೆ. ಆ ಮಾದರಿಯಲ್ಲಿ ಅತಿ ಹಗುರವಾದ ಭಾಗಗಳನ್ನೆಲ್ಲ ಕೂಡಿಸಿದರೆ ಬರುವ ಅಂಕಿ ಅದು: ಸಣ್ಣ ಬ್ಯಾಟರಿ, ಟಚ್ ಇಲ್ಲದ ಪರದೆ, ಸಿಮ್ ಮೋಡೆಮ್ ಇಲ್ಲ, ಮೇಲುಹೊದಿಕೆ ಕಾರ್ಬನ್ ಫೈಬರ್ ಅಥವಾ ಮೆಗ್ನೀಸಿಯಂ. ಅದೇ ಹೆಸರಿನ ಇನ್ನೊಂದು ಯಂತ್ರದಲ್ಲಿ ಅಲ್ಯೂಮಿನಿಯಂ ಹೊದಿಕೆ, ಟಚ್ ಪರದೆ, ದೊಡ್ಡ ಬ್ಯಾಟರಿ ಇದ್ದರೆ ತೂಕ 200 ಗ್ರಾಂವರೆಗೂ ಏರಬಹುದು. ಬ್ಯಾಟರಿ ಗಂಟೆಗಳ ಅಂಕಿಯಾದರೋ ಇದಕ್ಕೆ ಉಲ್ಟಾ: ಅತಿ ದೊಡ್ಡ ಬ್ಯಾಟರಿ, ಅತಿ ಕಡಿಮೆ ವಿದ್ಯುತ್ ಬಳಸುವ ಪರದೆ ಹಾಕಿ ಅಳೆದದ್ದು.

ಹೀಗಾಗಿ ಮಾರಾಟದ ಪುಟ ಬಿಟ್ಟು ತಾಂತ್ರಿಕ ದಾಖಲೆ ತೆರೆಯಿರಿ. ಲೆನೊವೊದವರು ಪಿಎಸ್‌ಆರ್‌ಇಎಫ್ ಎಂಬ ಜಾಲತಾಣದಲ್ಲಿ, ಎಚ್‌ಪಿಯವರು ಕ್ವಿಕ್‌ಸ್ಪೆಕ್ಸ್ ಎಂಬ ಪಿಡಿಎಫ್‌ನಲ್ಲಿ, ಡೆಲ್‌ನವರು ಪ್ರತಿ ಮಾದರಿಯ ಕೈಪಿಡಿಯಲ್ಲಿ ಯಾವ ಪರದೆಗೆ ಯಾವ ಬ್ಯಾಟರಿ, ಎಷ್ಟು ಮೆಮೊರಿ ಎಂದು ಬಿಡಿಬಿಡಿಯಾಗಿ ಬರೆದಿರುತ್ತಾರೆ. ಅಂಗಡಿಯವರಿಂದ ಪಾರ್ಟ್ ನಂಬರ್ (ಯಾವ ಯಾವ ಭಾಗಗಳಿರುವ ಯಂತ್ರ ಎಂದು ಗುರುತಿಸುವ ಸಂಕೇತ) ಕೇಳಿ ಪಡೆದು, ಆ ಯಂತ್ರದ ಬಗ್ಗೆ ಈ ದಾಖಲೆಯಲ್ಲಿ ನಾಲ್ಕು ವಿಷಯ ಹುಡುಕಿ: ಬ್ಯಾಟರಿ ಎಷ್ಟು ವ್ಯಾಟ್ ಅವರ್ (ಅದು ಹಿಡಿದಿಡುವ ವಿದ್ಯುತ್ತಿನ ಅಳತೆ), ಪರದೆ ಟಚ್ ಹೌದೋ ಅಲ್ಲವೋ, ನಿಟ್ಸ್ ಎಷ್ಟು, ಮೆಮೊರಿ ಎಷ್ಟು. ಪಾರ್ಟ್ ನಂಬರ್ ಹೇಳಲು ಹಿಂದೆಮುಂದೆ ನೋಡುವ ಮಾರಾಟಗಾರರಿಂದ ಕೊಳ್ಳಬೇಡಿ.

4. ಗಂಟೆಗಳನ್ನು ನೀವೇ ಲೆಕ್ಕ ಹಾಕಿ

ಬ್ಯಾಟರಿಯ ಮೇಲಿರುವ ಸೆಲ್‌ಗಳ ಎಣಿಕೆಯಿಂದ ಏನೂ ತಿಳಿಯದು. ನೋಡಬೇಕಾದದ್ದು ವ್ಯಾಟ್ ಅವರ್. ಹಗುರ ಲ್ಯಾಪ್‌ಟಾಪ್‌ಗಳಲ್ಲಿ ಇದು 40ರಿಂದ 75ರೊಳಗೆ ಇರುತ್ತದೆ. ಈ ಅಂಕಿಯನ್ನು ಯಂತ್ರ ಸರಾಸರಿ ಬಳಸುವ ವ್ಯಾಟ್‌ನಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಬರವಣಿಗೆ, ಮೇಲ್, ಬ್ರೌಸರ್ ಕೆಲಸಕ್ಕೆ ಇಂದಿನ ಒಳ್ಳೆಯ ಯಂತ್ರ 6ರಿಂದ 8 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ಕ್ಯಾಮೆರಾ ಹಾಕಿ ವಿಡಿಯೊ ಮೀಟಿಂಗ್‌ಗೆ ಕೂತರೆ 12–15 ವ್ಯಾಟ್. ಅಂದರೆ 57 ವ್ಯಾಟ್ ಅವರ್‌ನ ಬ್ಯಾಟರಿ ಬರವಣಿಗೆಗೆ ಏಳರಿಂದ ಒಂಬತ್ತು ಗಂಟೆ, ಮೀಟಿಂಗ್‌ಗೆ ನಾಲ್ಕು ಗಂಟೆ ಚಿಲ್ಲರೆ. 41 ವ್ಯಾಟ್ ಅವರ್‌ನದು ಮೀಟಿಂಗ್‌ನಲ್ಲಿ ಮೂರು ಗಂಟೆಗೇ ಕೈಕೊಡುತ್ತದೆ. ಕಂಪನಿ ಹೇಳುವ 20 ಗಂಟೆ ಬರುವುದು ಪರದೆ ಮಂಕು ಮಾಡಿ, ಉಳಿಸಿಟ್ಟ ವಿಡಿಯೊ ಒಂದನ್ನೇ ಓಡಿಸಿದಾಗ. ಅಂಥ ಕೆಲಸ ಯಾರೂ ದಿನವಿಡೀ ಮಾಡುವುದಿಲ್ಲ.

ಎರಡು ವರ್ಷ ಕಳೆದ ಮೇಲೆ ಬ್ಯಾಟರಿಯ ಸಾಮರ್ಥ್ಯ ಇಳಿದೇ ಇಳಿಯುತ್ತದೆ. ಆದ್ದರಿಂದ ಇವತ್ತಿಗೆ ‘ಸರಿಹೋಗುತ್ತದೆ’ ಎನ್ನಿಸುವ ಬ್ಯಾಟರಿ ಆಗಲೇ ಸಣ್ಣದಾಯಿತು. 100 ಗ್ರಾಂ ತೂಕ ಬಿಟ್ಟುಕೊಟ್ಟು 55 ವ್ಯಾಟ್ ಅವರ್‌ಗಿಂತ ದೊಡ್ಡದನ್ನೇ ತೆಗೆದುಕೊಳ್ಳಿ. ಪವರ್ ಬ್ಯಾಂಕ್ ಇದೆಯಲ್ಲ ಎಂಬ ಅಡ್ಡದಾರಿ ಬೇಡ. 20,000 ಎಂಎಎಚ್‌ನದ್ದು 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್ ಅವರ್. ವೋಲ್ಟೇಜ್ ಏರಿಸುವಾಗ ಆಗುವ ನಷ್ಟ ಕಳೆದರೆ ಲ್ಯಾಪ್‌ಟಾಪಿಗೆ ತಲುಪುವುದು 60ರ ಆಸುಪಾಸು, ಹೊರಬೇಕಾದ ತೂಕ ಮಾತ್ರ ಸುಮಾರು ಅರ್ಧ ಕಿಲೋ. ವಿಮಾನಗಳಲ್ಲಿ 100 ವ್ಯಾಟ್ ಅವರ್‌ವರೆಗಿನ ಬ್ಯಾಟರಿಗೆ ಸಾಮಾನ್ಯವಾಗಿ ಅನುಮತಿ ಬೇಡ, 100ರಿಂದ 160ರವರೆಗೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. 2025ರಿಂದ ಕೆಲವು ಸಂಸ್ಥೆಗಳು ಹಾರಾಟದ ವೇಳೆ ಅದನ್ನು ಬಳಸುವುದನ್ನೇ ನಿಷೇಧಿಸಿವೆ.

5. ಚಾರ್ಜರ್ ಮೈಮೇಲಿನ ಸಣ್ಣ ಅಕ್ಷರ

ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗದ ಲ್ಯಾಪ್‌ಟಾಪ್ ಎಷ್ಟೇ ಹಗುರವಾಗಿದ್ದರೂ ಬೇಡ. ದುಂಡು ಪಿನ್ನಿನ ಚಾರ್ಜರ್ ಹೋಟೆಲ್ ಕೋಣೆಯಲ್ಲಿ ಮರೆತುಹೋದರೆ ಇನ್ನೊಂದು ಸಿಗುವುದು ಕಷ್ಟ. ಯುಎಸ್‌ಬಿ-ಸಿ ಆದರೆ ಎದುರಿಗೆ ಕೂತವರ ಬಳಿಯೇ ಇರುತ್ತದೆ. ಎಡಬಲ ಎರಡೂ ಬದಿಗೆ ಪೋರ್ಟ್ ಇದ್ದರೆ ಇನ್ನೂ ಒಳ್ಳೆಯದು.

ಕಂಪನಿಯ ಚಾರ್ಜರ್ ಮನೆಯಲ್ಲಿಟ್ಟು ಪ್ರಯಾಣಕ್ಕೆಂದೇ 65 ವ್ಯಾಟ್‌ನ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ, ಗಾತ್ರದಲ್ಲಿ ಚಿಕ್ಕ) ಚಾರ್ಜರ್ ತೆಗೆದುಕೊಳ್ಳಿ, 100–130 ಗ್ರಾಂ ಇರುತ್ತದೆ. ಕೊಳ್ಳುವ ಮುನ್ನ ಅದರ ಮೈಮೇಲೆ ಅಚ್ಚಾದ ಔಟ್‌ಪುಟ್ ಸಾಲನ್ನು ಓದಿ: ‘20 ವೋಲ್ಟ್, 3.25 ಆಂಪಿಯರ್’ ಎಂಬುದು ಅಲ್ಲಿ ಇರಲೇಬೇಕು. ಫೋನಿನ ಜೊತೆ ಬರುವ ಎಷ್ಟೋ ವೇಗದ ಚಾರ್ಜರ್‌ಗಳು ತಮ್ಮ ಕಂಪನಿಯ ಫೋನಿಗಷ್ಟೇ ಪೂರ್ತಿ ಶಕ್ತಿ ಕೊಡುತ್ತವೆ, ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಅದರ ಕಾಲುಭಾಗವೂ ಬರದೇ ಹೋಗಬಹುದು. ಎರಡು ಮೂರು ಪೋರ್ಟ್ ಇರುವ ಚಾರ್ಜರಿನಲ್ಲಿ ಇನ್ನೊಂದು ತೊಡಕು: ಫೋನನ್ನೂ ಸಿಕ್ಕಿಸಿದ ಕ್ಷಣ 65 ವ್ಯಾಟ್ ಒಡೆದು 45 ಮತ್ತು 20 ಆಗುತ್ತದೆ, ‘ನಿಧಾನ ಚಾರ್ಜಿಂಗ್’ ಎಂಬ ಎಚ್ಚರಿಕೆ ಬರುತ್ತದೆ. ಅದು ಯಂತ್ರದ ದೋಷವಲ್ಲ.

ಕೇಬಲ್ ವಿಷಯದಲ್ಲಿ ಮೋಸ ಹೋಗುವವರು ಇನ್ನೂ ಹೆಚ್ಚು. ಸಾಧಾರಣ ಯುಎಸ್‌ಬಿ-ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್ ಮಾತ್ರ ಸಾಗಿಸುತ್ತದೆ. ಅದಕ್ಕಿಂತ ಹೆಚ್ಚಿಗೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಅದರ ಮೇಲೆ 100 ವ್ಯಾಟ್ ಅಥವಾ 240 ವ್ಯಾಟ್ ಎಂದು ಬರೆದಿರುತ್ತದೆ. ಏನೂ ಬರೆಯದ ಅಗ್ಗದ ಕೇಬಲ್ ಬೇಡವೇ ಬೇಡ.

ವಿಮಾನದ ಸೀಟಿನ ಪ್ಲಗ್ ಸಾಮಾನ್ಯವಾಗಿ 75 ವ್ಯಾಟ್‌ನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ; ಅದಕ್ಕಿಂತ ಹೆಚ್ಚು ಎಳೆದರೆ ತಾನೇ ಬಂದ್ ಆಗುತ್ತದೆ. ಗೇಮಿಂಗ್ ಲ್ಯಾಪ್‌ಟಾಪನ್ನೇ ಪ್ರಯಾಣಕ್ಕೂ ಬಳಸೋಣ ಎನ್ನುವವರು ಇದನ್ನು ಮರೆಯಬಾರದು.

6. ಒಳಗಿನ ಭಾಗಗಳು

ಮೆಮೊರಿ 16 ಜಿಬಿಗಿಂತ ಕಡಿಮೆ ಬೇಡ. ನಾಲ್ಕೈದು ವರ್ಷ ಬಳಸುವುದಾದರೆ 32. ತೆಳ್ಳನೆಯ ಯಂತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯನ್ನು ಬಿಸಿನೆಸ್ ಮಾದರಿಗಳಲ್ಲಿ ಸಾಮಾನ್ಯವಾಗಿ ಬದಲಿಸಬಹುದಾದ್ದರಿಂದ 512 ಜಿಬಿ ಸಾಕು. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಚ್ ಅಕ್ಷರ ಕಂಡರೆ ಮುಂದಕ್ಕೆ ಹೋಗಿ, ಅದು ಫ್ಯಾನ್ ಸದ್ದಿನ ಯಂತ್ರ. ಯು ಅಥವಾ ವಿ ಇದ್ದರೆ ನೋಡಬಹುದು.

ಸ್ನಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಒಳ್ಳೆಯ ಬ್ಯಾಟರಿ ಬಾಳಿಕೆ ಇದೆ. ಆದರೆ ನಿಮ್ಮ ಕಚೇರಿಯ ವಿಪಿಎನ್, ಹಳೆಯ ಪ್ರಿಂಟರ್ ಅಥವಾ ಸ್ಕ್ಯಾನರ್‌ನ ಡ್ರೈವರ್ (ಆ ಉಪಕರಣವನ್ನು ನಡೆಸುವ ತಂತ್ರಾಂಶ), ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇವು ಅದರಲ್ಲಿ ನಡೆಯುತ್ತವೆಯೇ ಎಂದು ಕಚೇರಿಯ ಐಟಿ ವಿಭಾಗದಿಂದ ಬರವಣಿಗೆಯಲ್ಲಿ ಪಡೆಯಿರಿ. ಸಾಮಾನ್ಯ ಆ್ಯಪ್‌ಗಳು ಹೇಗೋ ಓಡುತ್ತವೆ. ಡ್ರೈವರ್‌ಗಳು ಆ ಚಿಪ್ಪಿಗೆಂದೇ ಬರೆದಿರದಿದ್ದರೆ ಓಡುವುದಿಲ್ಲ.

ಸಿಮ್ ಹಾಕುವ ಯೋಚನೆ ಇದ್ದರೆ ಈಗಲೇ ತೀರ್ಮಾನಿಸಿ. ಆಂಟೆನಾ ತಂತಿಗಳು ಪರದೆಯ ಅಂಚಿನೊಳಗೆ ಕಾರ್ಖಾನೆಯಲ್ಲೇ ಕೂರಬೇಕು. ಕೆಲವು ಮಾದರಿಗಳಲ್ಲಿ ಸಿಮ್ ಇಡುವ ಕಿಂಡಿ ಇರುತ್ತದೆ, ಒಳಗೆ ಮೋಡೆಮ್ಮೇ ಇರುವುದಿಲ್ಲ. ಕಿಂಡಿ ಕಂಡು ನಂಬಬೇಡಿ.

7. ಅಂಗಡಿಯಲ್ಲಿ ಕಾಲುಗಂಟೆ

ಒಂದು ಪುಟ ಪೂರ್ತಿ ಟೈಪ್ ಮಾಡಿ. ಕೀ ಒಳಹೋಗುವ ಆಳ 1.3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬೆರಳು ಬೇಗ ದಣಿಯುತ್ತದೆ. ಕೀಬೋರ್ಡಿನ ನಡುವೆ ಒತ್ತಿದಾಗ ತಗ್ಗಬಾರದು. ಪರದೆಯನ್ನು ಒಂದೇ ಕೈಯಲ್ಲಿ, ಒಂದು ಮೂಲೆ ಹಿಡಿದು ತೆರೆದು ನೋಡಿ. ತಿರುಚಿಕೊಂಡರೆ ತುಂಬಿದ ಬ್ಯಾಗಿನ ಒತ್ತಡ ಅದು ತಾಳದು. ಎಚ್‌ಡಿಎಂಐ ಪೋರ್ಟ್ ಇರಲೇಬೇಕು, ಪ್ರೊಜೆಕ್ಟರ್‌ಗಳು ಇನ್ನೂ ಅದನ್ನೇ ಕೇಳುತ್ತವೆ. ‘ಸೇನಾ ಗುಣಮಟ್ಟ’ ಎಂದು ಹೇಳುವ 810ಎಚ್ ಮುದ್ರೆಗೆ ಮರುಳಾಗಬೇಡಿ. ಅದು ಪರೀಕ್ಷಾ ವಿಧಾನಗಳ ಒಂದು ಸಂಗ್ರಹ, ಯಾವ ಪರೀಕ್ಷೆಗಳನ್ನು ಮಾಡಬೇಕೆಂದು ಕಂಪನಿಯೇ ಆರಿಸಿಕೊಳ್ಳುತ್ತದೆ. ಬಿದ್ದು ಒಡೆದರೆ ವಾರಂಟಿ ಸಿಗುತ್ತದೆ ಎಂಬ ಅರ್ಥ ಅದಕ್ಕಿಲ್ಲ.

ವಾರಂಟಿಯಲ್ಲಿ ಮೂರು ಪ್ರಶ್ನೆ ಕೇಳಿ: ಬೇರೆ ದೇಶದಲ್ಲೂ ನಡೆಯುತ್ತದೆಯೇ, ರಿಪೇರಿಯವರು ನೀವಿರುವಲ್ಲಿಗೆ ಬರುತ್ತಾರೆಯೇ, ಬ್ಯಾಟರಿಗೆ ಎಷ್ಟು ವರ್ಷ. ಯಂತ್ರಕ್ಕೆ ಮೂರು ವರ್ಷ ಕೊಟ್ಟರೂ ಬ್ಯಾಟರಿಗೆ ಒಂದೇ ವರ್ಷ ಇರುವುದು ಸಾಮಾನ್ಯ.

ಬಳಸಿ ಮರಳಿಸಿದ ಬಿಸಿನೆಸ್ ಲ್ಯಾಪ್‌ಟಾಪ್ ಕಡಿಮೆ ಬೆಲೆಗೆ ಸಿಕ್ಕರೆ ಅದೂ ಒಳ್ಳೆಯ ಆಯ್ಕೆಯೇ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಮೂಲ ಸಾಮರ್ಥ್ಯಕ್ಕೂ ಈಗ ತುಂಬುವ ಸಾಮರ್ಥ್ಯಕ್ಕೂ ಶೇ 20ಕ್ಕಿಂತ ಹೆಚ್ಚು ಅಂತರವಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.

8. ಮರಳಿಸುವ ಗಡುವು ಮುಗಿಯುವ ಮೊದಲು

ತಂದ ದಿನವೇ ತೂಗಿ. ಮಾರನೆಯ ದಿನ ಪೂರ್ತಿ ಚಾರ್ಜ್ ಮಾಡಿ, ನಿಮ್ಮ ನಿಜವಾದ ಕೆಲಸವನ್ನೇ ಮಾಡುತ್ತ ಎಷ್ಟು ಹೊತ್ತು ಬರುತ್ತದೆ ಎಂದು ಗಡಿಯಾರ ನೋಡಿ. ಲೆಕ್ಕಕ್ಕಿಂತ ತೀರಾ ಕಡಿಮೆ ಬಂದರೆ ಮರಳಿಸಿ.

ಆಮೇಲೆ ಮುಚ್ಚಳದ ಸೆಟ್ಟಿಂಗ್. ಇಂದಿನ ವಿಂಡೋಸ್ ಯಂತ್ರಗಳು ಮುಚ್ಚಿದ ಮೇಲೂ ಪೂರ್ತಿ ಮಲಗುವುದಿಲ್ಲ, ಮೇಲ್ ಅಥವಾ ಅಪ್‌ಡೇಟ್‌ಗೆಂದು ನಡುನಡುವೆ ಎಚ್ಚರವಾಗುತ್ತವೆ. ಬ್ಯಾಗಿನೊಳಗೆ ಗಾಳಿಯಿಲ್ಲದೆ ಬಿಸಿಯಾಗಿ, ಇಳಿಯುವ ಹೊತ್ತಿಗೆ ಬ್ಯಾಟರಿ ಅರ್ಧ ಖಾಲಿಯಾಗಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಹಾಕಿದಾಗ ಏನಾಗಬೇಕು ಎಂಬಲ್ಲಿ ‘ಸ್ಲೀಪ್’ ತೆಗೆದು ‘ಹೈಬರ್ನೇಟ್’ (ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಯಂತ್ರ ಪೂರ್ತಿ ಆರುವುದು) ಆರಿಸಿ. ಪಟ್ಟಿಯಲ್ಲಿ ಅದು ಕಾಣದಿದ್ದರೆ ಅದೇ ಪುಟದ ಮೇಲ್ಭಾಗದಲ್ಲಿ ‘ಸದ್ಯ ಲಭ್ಯವಿಲ್ಲದ ಸೆಟ್ಟಿಂಗ್ ಬದಲಿಸಿ’ ಎಂಬ ಅರ್ಥದ ಕೊಂಡಿ ಒತ್ತಿ, ಕೆಳಗೆ ಹೈಬರ್ನೇಟ್ ಎದುರು ಗುರುತು ಹಾಕಿ. ತೆರೆದಾಗ ಕೆಲವು ಸೆಕೆಂಡು ಹೆಚ್ಚು ಕಾಯಬೇಕು, ಕಾಯಿರಿ.

ಮೇಜಿನ ಮೇಲೆ ಸದಾ ಚಾರ್ಜಿಗೆ ಹಾಕಿಡುವ ದಿನಗಳಲ್ಲಿ ಚಾರ್ಜ್ ಮಿತಿಯನ್ನು ಶೇ 80ಕ್ಕೆ ನಿಲ್ಲಿಸಿ, ಹೊರಡುವ ಹಿಂದಿನ ರಾತ್ರಿ ಮಾತ್ರ 100ಕ್ಕೆ ಏರಿಸಿ. ಅದೇ ರಾತ್ರಿ ಬಯೋಸ್ (ಯಂತ್ರವನ್ನು ಶುರು ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಲು ಹೋಗಬೇಡಿ. ಅದಾದ ಮೇಲೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್ ತನ್ನ 48 ಅಂಕಿಗಳ ರಿಕವರಿ ಕೀ ಕೇಳುವುದುಂಟು. ಆ ಕೀ ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಅದನ್ನು ಮುದ್ರಿಸಿ ಪಾಸ್‌ಪೋರ್ಟ್ ಇಡುವ ಕಡೆ ಇಟ್ಟುಕೊಳ್ಳಿ, ಲ್ಯಾಪ್‌ಟಾಪ್ ಇರುವ ಬ್ಯಾಗಿನಲ್ಲಿ ಮಾತ್ರ ಬೇಡ.