ಕೂರಿಗೆಯ ಆಳ ಹೊಂದಿಸಲು ಎಡ-ಬಲ ಥ್ರೆಡ್ಡಿನ ರಾಡು

ರಾಯಚೂರು, ಕೊಪ್ಪಳದ ಎರೆ ಭೂಮಿಯಲ್ಲಿ ಹಿಂಗಾರಿ ಕಡಲೆ, ಬಿಳಿಜೋಳ ಬಿತ್ತುವಾಗ ಬೀಜವು ಹಸಿಯಿರುವ ಪದರಕ್ಕೇ ಬೀಳಬೇಕು. ಮೇಲ್ಮಣ್ಣು ಆರಿದಂತೆ ಆ ಪದರವೂ ಕೆಳಗಿಳಿಯುತ್ತದೆ. ಟ್ರ್ಯಾಕ್ಟರ್ ಕೂರಿಗೆಯ ಆಳದ ಗಾಲಿಯನ್ನು ರಂಧ್ರ ಮತ್ತು ಪಿನ್ನುಗಳಿಂದ ಹೊಂದಿಸುವ ವ್ಯವಸ್ಥೆಯಿದ್ದರೆ ಎರಡು ರಂಧ್ರಗಳ ನಡುವಿನ ಆಳ ಸಿಗುವುದಿಲ್ಲ. ಅಲ್ಲಿ ಒಂದು ತುದಿಗೆ ಎಡ ಥ್ರೆಡ್, ಇನ್ನೊಂದಕ್ಕೆ ಬಲ ಥ್ರೆಡ್ ಇರುವ ರಾಡನ್ನು ಕೂಡಿಸುವುದು ಉತ್ತಮ.

ಈ ರಾಡು ಎಂದರೆ ಎರಡೂ ತುದಿಗೆ ನಟ್ಟು ವೆಲ್ಡ್ ಮಾಡಿದ ಒಂದು ಪೈಪು, ಮತ್ತು ಆ ನಟ್ಟುಗಳಲ್ಲಿ ತಿರುಗುವ ಎರಡು ಬೋಲ್ಟುಗಳು. ನಡುವಿನ ಪೈಪನ್ನು ತಿರುಗಿಸಿದರೆ ಎರಡೂ ಬೋಲ್ಟುಗಳು ಒಟ್ಟಿಗೆ ಹೊರಬರುತ್ತವೆ ಅಥವಾ ಒಟ್ಟಿಗೆ ಒಳಹೋಗುತ್ತವೆ. ಎರಡೂ ಕಡೆ ಬಲ ಥ್ರೆಡ್ಡೇ ಇದ್ದರೆ ಒಂದು ಒಳಹೋದಷ್ಟು ಇನ್ನೊಂದು ಹೊರಬಂದು ಉದ್ದ ಬದಲಾಗುವುದೇ ಇಲ್ಲ. ಸಾಮಾನ್ಯ 16 ಮಿ.ಮೀ. ಬೋಲ್ಟಿನ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 2 ಮಿ.ಮೀ. ಆದ್ದರಿಂದ ಒಂದು ಸುತ್ತಿಗೆ ಉದ್ದವು 4 ಮಿ.ಮೀ. ಬದಲಾಗುತ್ತದೆ, ರಾಡು ಗಾಲಿಯ ತೋಳಿನ ನಡುಮಧ್ಯಕ್ಕೆ ಸೇರಿದ್ದರೆ ಗಾಲಿಯು ಸುಮಾರು ಅದರ ಎರಡರಷ್ಟು ಸರಿಯುತ್ತದೆ.

ಎಡ ಥ್ರೆಡ್ಡಿನ ಬೋಲ್ಟು ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ; ಲೇತಿನವರಿಂದ ಕೊರೆಸಬಹುದು, ಗುಜರಿಯಲ್ಲಿ ಹಳೆಯ ಟೈ ರಾಡುಗಳನ್ನೂ (ವಾಹನದ ಸ್ಟೀರಿಂಗಿನ ಜೋಡಣೆ ರಾಡು) ಹುಡುಕಬಹುದು, ಏಕೆಂದರೆ ಅನೇಕ ಟೈ ರಾಡುಗಳ ಎರಡು ತುದಿಗಳಲ್ಲಿ ಎದುರುಬದುರು ಥ್ರೆಡ್ ಇರುತ್ತದೆ. ಬೋಲ್ಟನ್ನು ನೆಟ್ಟಗೆ ಹಿಡಿದಾಗ ಎದುರಿಗೆ ಕಾಣುವ ಗೆರೆಗಳು ಎಡಕ್ಕೆ ಏರಿದರೆ ಅದು ಎಡ ಥ್ರೆಡ್.

ನಟ್ಟುಗಳನ್ನು ಮುಕ್ಕಾಲು ಇಂಚಿನ ಕಪ್ಪು ಕಬ್ಬಿಣದ ಪೈಪಿನ ಎರಡು ತುದಿಗಳಿಗೆ ವೆಲ್ಡ್ ಮಾಡಬೇಕು. ಸತುವಿನ ಲೇಪನವಿರುವ ನಟ್ಟನ್ನು ವೆಲ್ಡ್ ಮಾಡಿದರೆ ಬರುವ ಹೊಗೆ ವಿಷಕಾರಿ, ಆದ್ದರಿಂದ ಲೇಪನವನ್ನು ಮೊದಲೇ ಉಜ್ಜಿ ತೆಗೆಯಿರಿ. ಕಿಡಿಗಳು ಥ್ರೆಡ್ಡಿಗೆ ಅಂಟದಂತೆ ಮತ್ತು ನಟ್ಟು ಓರೆಯಾಗದಂತೆ ಅದರೊಳಗೆ ಒಂದು ಹಳೆಯ ಬೋಲ್ಟನ್ನು ತಿರುಗಿಸಿಟ್ಟು, ಪೈಪನ್ನು ಆ್ಯಂಗಲ್ ಪಟ್ಟಿಯ (L ಆಕಾರದ ಕಬ್ಬಿಣ) ಮಡಿಲಲ್ಲಿ ಮಲಗಿಸಿ, ನಾಲ್ಕು ಕಡೆ ಚುಕ್ಕೆ ವೆಲ್ಡ್ ಹಾಕಿ ನೇರವಿದೆಯೇ ಎಂದು ನೋಡಿದ ಮೇಲೆಯೇ ಸುತ್ತಲೂ ತುಂಬಬೇಕು. ತಾನಾಗಿ ಆರಲು ಬಿಡಿ, ನೀರು ಸುರಿಯಬೇಡಿ.

ನಟ್ಟಿನ ಹಿಂದೆಯೇ, ಪೈಪಿನ ಗೋಡೆಯಲ್ಲಿ 3 ಮಿ.ಮೀ. ರಂಧ್ರವೊಂದನ್ನು ಎರಡೂ ತುದಿಗಳಲ್ಲಿ ಕೊರೆಯುವುದನ್ನು ನಾನು ಬಲವಾಗಿ ಸೂಚಿಸುತ್ತೇನೆ. ಅದರಲ್ಲಿ ತಂತಿ ಇಟ್ಟಾಗ ಬೋಲ್ಟಿಗೆ ತಾಗಿದರೆ ನಟ್ಟು ಪೂರ್ತಿ ಹಿಡಿದಿದೆ. ತಂತಿ ತಡೆಯಿಲ್ಲದೆ ಒಳನುಗ್ಗಿದರೆ ರಾಡನ್ನು ಅತಿಯಾಗಿ ಬಿಚ್ಚಲಾಗಿದೆ. ಹೊರಗಿನಿಂದ ನೋಡಿ ಇದನ್ನು ಅಂದಾಜಿಸಲಾಗದು.

ಜೋಡಿಸುವಾಗ ಎರಡೂ ಬೋಲ್ಟುಗಳು ಸಮನಾಗಿ ಒಳಹೋಗಿರಲಿ. ಕೂರಿಗೆಯ ನಡುಗುವಿಕೆಗೆ ಪೈಪು ತಾನಾಗಿ ತಿರುಗುವುದರಿಂದ ಎರಡೂ ತುದಿಗೆ ಚೆಕ್ ನಟ್ (ಬೋಲ್ಟಿನ ಮೇಲೆ ಪೈಪಿನ ತುದಿಗೆ ಒತ್ತಿ ಬಿಗಿಯುವ ಇನ್ನೊಂದು ನಟ್ಟು) ಬೇಕೇ ಬೇಕು, ಮತ್ತು ಎಡ ಬೋಲ್ಟಿನದು ಎಡ ಥ್ರೆಡ್ಡಿನ ನಟ್ಟೇ ಆಗಿರಬೇಕು. ಹೊಂದಿಸುವ ಮೊದಲು ಕೂರಿಗೆಯನ್ನು ನೆಲಕ್ಕಿಳಿಸಿ, ಟ್ರ್ಯಾಕ್ಟರ್ ಬಂದ್ ಮಾಡಿ, ಆಮೇಲೆ ಎರಡೂ ಚೆಕ್ ನಟ್ಟುಗಳನ್ನು ಸಡಿಲಿಸಿ. ಹೊಂದಿಸಿದ ಬಳಿಕ ಪೈಪನ್ನು ಪಾನಾದಿಂದ ಹಿಡಿದು ಎರಡನ್ನೂ ಬಿಗಿಮಾಡಿ.

ಇಂಥ ವೆಲ್ಡ್ ಮಾಡಿದ ರಾಡನ್ನು ಸ್ಟೀರಿಂಗ್, ಬ್ರೇಕ್ ಅಥವಾ ಟ್ರ್ಯಾಕ್ಟರಿನ ಟಾಪ್ ಲಿಂಕಿಗೆ (ಹಿಂದಿನ ಉಪಕರಣವನ್ನು ಮೇಲ್ಭಾಗದಲ್ಲಿ ಹಿಡಿಯುವ ರಾಡು) ಎಂದಿಗೂ ಬಳಸಬಾರದು.